ತೂಕ ಇಳಿಸುವ ಔಷಧಿ ತಲೆಗೇರಿದಾಗ

(ಉಪ್ಪಾರಹಳ್ಳಿಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನು ಎದ್ದು ನಿಂತನೆಂದರೆ ಬಿತ್ತನೆ ಬೀಜ, ಗೊಬ್ಬರ, ತೆಂಗಿನ ಹುಳು, ಇಷ್ಟನ್ನೇ ಕುರಿತು ಮಾತನಾಡುವನೆಂದು ತಾವು ಎಣಿಸಿರಬಹುದು. ಈ ದಿನ ನಾನು ಆಯ್ದುಕೊಂಡಿರುವ ವಿಷಯ ಬೇರೆ. ಮೈತೂಕ ಇಳಿಸಲೆಂದು ಜನರು ನುಂಗುವ ಔಷಧಿಗಳು ಅಳತೆ ಮೀರಿದಾಗ ಮನಸ್ಸಿಗೆ ಎಂಥ ಕೇಡು ಒದಗುತ್ತದೆ ಎಂಬುದೇ ಆ ವಿಷಯ. ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿದವನು. ಆದರೂ ಈ ಮಾತನ್ನು ನಾನೇ ಆಡಬೇಕಾಗಿ ಬಂದ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ಗುಬ್ಬಿ ಕಡೆಯ ಒಂದು ಹಳ್ಳಿ. ಊರಿನ ಹೆಸರು ಬೇಡ. ಆ ಮನೆಯವರು ಒಪ್ಪಿದ ಮೇಲೆಯೇ ಇದನ್ನು ಹೇಳುತ್ತಿದ್ದೇನೆ. ಅವರ ತೋಟದ ತೆಂಗಿಗೆ ಕಪ್ಪುತಲೆ ಹುಳು ಬಿದ್ದಿತ್ತು. ಗರಿ ನೋಡಿ, ಏನು ಮಾಡಬೇಕೆಂದು ಹೇಳಿ, ಜಗಲಿಯ ಮೇಲೆ ಕುಳಿತು ಮಜ್ಜಿಗೆ ಕುಡಿಯುತ್ತಿದ್ದೆ. ಕಿಟಕಿಯಲ್ಲಿ ಒಂದು ಡಬ್ಬಿ ಇತ್ತು. ಮೇಲೆ ಎಲೆಯ ಚಿತ್ರ. ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ. ಮನೆಯಾಕೆ ಅದನ್ನು ನನ್ನ ಕೈಗಿತ್ತು, “ಸಾರ್, ಮಗಳಿಗೆ ಮದುವೆ ಗೊತ್ತಾಗಿದೆ. ತೂಕ ಇಳೀಲಿ ಅಂತ ತರ್ಸ್ಕೊಂಡಿದಾಳೆ. ಸೊಪ್ಪು ಬೇರಿಂದಂತೆ. ತಗೊಂಡ್ರೆ ಏನೂ ಆಗಲ್ವಾ?” ಎಂದು ಕೇಳಿದರು. ನಾನು ಡಬ್ಬಿಯನ್ನು ತಿರುಗಿಸಿಯೂ ನೋಡದೆ, “ಸೊಪ್ಪು ಬೇರಿಂದು ತಾನೆ ಅಮ್ಮ, ಏನೂ ಆಗಲ್ಲ ಬಿಡಿ” ಎಂದುಬಿಟ್ಟೆ.

ಚೀಟಿಯಿಲ್ಲದ ಕೀಟನಾಶಕದ ಬಾಟಲಿಯನ್ನು ರೈತನೊಬ್ಬ ತಂದಿದ್ದರೆ ನಾನು ಅವನನ್ನು ಗದರಿಸದೆ ಬಿಡುತ್ತಿರಲಿಲ್ಲ. ಗಿಡಕ್ಕೆ ಹಾಕುವುದಕ್ಕೆ ಇಟ್ಟ ಎಚ್ಚರವನ್ನು ಮನುಷ್ಯರ ಹೊಟ್ಟೆಗೆ ಹೋಗುವುದಕ್ಕೆ ನಾನು ಇಡಲಿಲ್ಲ.

ಮುಂದೆ ನಡೆದದ್ದು ಇಷ್ಟು. ದಿನಕ್ಕೆ ಒಂದು ಎಂದದ್ದನ್ನು ಆ ಹುಡುಗಿ ಮೂರು ಮಾಡಿದಳು. ತೂಕ ಇಳಿಯಿತು, ಮನೆಯವರಿಗೆ ಸಂತೋಷವಾಯಿತು. ನಿದ್ದೆ ಹೋಯಿತು, ಅದನ್ನು ಮದುವೆಯ ಸಡಗರವೆಂದುಕೊಂಡರು. ರಾತ್ರಿ 2 ಗಂಟೆಗೆ ಎದ್ದು ಪಾತ್ರೆ ತೊಳೆಯುತ್ತಿದ್ದಳು. ಬಿಡುವಿಲ್ಲದೆ ಮಾತನಾಡುತ್ತಿದ್ದಳು. ಆಮೇಲೆ, ಪಕ್ಕದ ಮನೆಯವರು ಗೋಡೆಯಾಚೆಯಿಂದ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ, ತನ್ನ ಫೋನನ್ನು ಯಾರೋ ಕದ್ದು ಕೇಳುತ್ತಿದ್ದಾರೆ ಎನ್ನತೊಡಗಿದಳು. ಗಾಳಿ ಸೋಕಿದೆಯೆಂದು ಅಂತ್ರ ಕಟ್ಟಿಸಿದರು. ಹಾಗೆ 4 ದಿನ ಕಳೆದವು. ಐದನೆಯ ದಿನ ಬೆಳಗಿನ ಜಾವ ಅವಳ ಅಣ್ಣ ಅವಳನ್ನು ಬಾವಿಯ ಕಟ್ಟೆಯ ಬಳಿಯಿಂದ ಕೈಹಿಡಿದು ಕರೆತಂದ. ಅಂದೇ ಆಸ್ಪತ್ರೆಗೆ ಸೇರಿಸಿದರು.

ಅಲ್ಲಿ ವೈದ್ಯರು ಮೊದಲು ಕೇಳಿದ ಪ್ರಶ್ನೆ, “ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಳೆ?” ಮನೆಯವರು ಇಲ್ಲವೆಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅದು ಮಾತ್ರೆಯಲ್ಲ, ಸೊಪ್ಪು ಬೇರು. ಎರಡು ದಿನದ ಮೇಲೆ ನನಗೆ ಸುದ್ದಿ ಮುಟ್ಟಿದಾಗ ಕಿಟಕಿಯ ಡಬ್ಬಿ ನೆನಪಾಯಿತು. ಒಯ್ದು ಕೊಟ್ಟೆ. ಅದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಲಾಗಲಿಲ್ಲ. ಆದುದರಿಂದ ಅದರಲ್ಲಿ ಇಂಥದೇ ಇತ್ತೆಂದು ನಾನು ಹೇಳಲಾರೆ. ಅದನ್ನು ನಿಲ್ಲಿಸಿ, ಚಿಕಿತ್ಸೆ ಕೊಟ್ಟ ಮೇಲೆ ಕೆಲವು ವಾರಗಳಲ್ಲಿ ಹುಡುಗಿ ಚೇತರಿಸಿಕೊಂಡಳು.

ಬಾಂಧವರೆ, ಹೊಟ್ಟೆಯ ಬೊಜ್ಜಿಗೆಂದು ನುಂಗಿದ್ದು ತಲೆಗೆ ಏರುವುದು ಹೇಗೆ ಎಂದು ತಾವು ಕೇಳಬಹುದು. ತೆಂಗಿನ ತೋಟದವರಿಗೆ ಇದನ್ನು ಹೇಳುವುದು ಸುಲಭ. ಬೇರಿನ ಮೂಲಕ ಔಷಧಿ ಉಣಿಸುವುದನ್ನು ತಾವು ಬಲ್ಲಿರಿ. ಔಷಧಿ ಕಟ್ಟುವುದು ಬುಡದ ಒಂದು ಎಳೆಯ ಬೇರಿಗೆ. ಹುಳು ಸಾಯುವುದು ಮೇಲಿನ ಗರಿಯಲ್ಲಿ. ರಸ ಹರಿಯುವಲ್ಲೆಲ್ಲ ಔಷಧಿಯೂ ಹರಿಯುತ್ತದೆ. ಅದಕ್ಕೇ ಅಲ್ಲವೆ, ಔಷಧಿ ಉಣಿಸಿದ ಮರದ ಕಾಯನ್ನು ಹೇಳಿದ ದಿನ ಮುಗಿಯುವವರೆಗೆ ಕೀಳಬೇಡಿ ಎನ್ನುವುದು? ಮನುಷ್ಯನ ಮೈಯಲ್ಲೂ ಹಾಗೆಯೇ. ಅಲ್ಲದೆ, ಹಸಿವು ಹುಟ್ಟುವುದು ಬರಿಯ ಹೊಟ್ಟೆಯಲ್ಲಲ್ಲ. ಹಸಿವಾಯಿತು, ಸಾಕಾಯಿತು ಎಂದು ಅಪ್ಪಣೆ ಕೊಡುವುದು ಮಿದುಳು. ಹಸಿವನ್ನು ಅಡಗಿಸುವ ಔಷಧಿಗಳಲ್ಲಿ ಬಹಳಷ್ಟು ಕೆಲಸ ಮಾಡುವುದು ಅಲ್ಲಿಯೇ. ನಿದ್ದೆ, ಸಂತೋಷ, ಭಯ, ದುಃಖ, ಇವುಗಳ ಮನೆಯೂ ಅದೇ. ಒಂದೇ ಕಾಲುವೆಯಿಂದ ಎರಡು ಗದ್ದೆಗೆ ನೀರು ಹೋಗುವಾಗ ಒಂದರ ತೂಬು ಮುಚ್ಚಿದರೆ ಇನ್ನೊಂದರ ನೀರೂ ಏರುಪೇರಾಗುತ್ತದೆ.

ಇದು ಹೊಸ ಕಥೆಯಲ್ಲ. 1930ರ ದಶಕದಿಂದ ಪಶ್ಚಿಮ ದೇಶಗಳಲ್ಲಿ ಆಂಫೆಟಮಿನ್ ಎಂಬ ಔಷಧಿ ಬಳಕೆಗೆ ಬಂದಿತು. ಅದು ಹಸಿವನ್ನೂ ಅಡಗಿಸುತ್ತಿತ್ತು, ನಿದ್ದೆಯನ್ನೂ ಓಡಿಸುತ್ತಿತ್ತು. ಅದು ತೂಕ ಇಳಿಸುವ ಮಾತ್ರೆಯಾಗಿ ಮನೆಮನೆಗೆ ಹೋಯಿತು. 1958ರಲ್ಲಿ ಲಂಡನ್ನಿನ ಮನೋವೈದ್ಯ ಫಿಲಿಪ್ ಕಾನೆಲ್ ಎಂಬವರು ಇದನ್ನು ತೆಗೆದುಕೊಂಡು ಮತಿ ಕೆಟ್ಟ 42 ಜನರ ವಿವರವನ್ನು ಪ್ರಕಟಿಸಿದರು. ಯಾರೋ ಹಿಂಬಾಲಿಸುತ್ತಿದ್ದಾರೆಂಬ ಸಂಶಯ, ಇಲ್ಲದ ದನಿ ಕೇಳಿಸುವುದು, ಇವೇ ಲಕ್ಷಣಗಳು. ಔಷಧಿ ನಿಂತ ಮೇಲೆ ಬಹುಮಂದಿಗೆ ಗುಣವಾಗುತ್ತಿತ್ತು. ನಮ್ಮ ದೇಶದಲ್ಲಿ ಆಂಫೆಟಮಿನ್ 1985ರ ಮಾದಕ ವಸ್ತುಗಳ ಕಾನೂನಿನ ಹಿಡಿತದಲ್ಲಿದೆ.

ಇನ್ನೊಂದರ ಕಥೆ ರೈತರಾದ ನಾವು ಗಮನಿಸಬೇಕಾದದ್ದು. ಡೈನೈಟ್ರೋಫಿನಾಲ್, ಚಿಕ್ಕದಾಗಿ ಡಿ.ಎನ್.ಪಿ. ಎಂಬ ಹಳದಿ ಪುಡಿ. ಬಣ್ಣ, ಸಿಡಿಮದ್ದುಗಳಿಗೆ ಬಳಸುತ್ತಿದ್ದ ವಸ್ತು. ಇದರ ಹತ್ತಿರದ ನೆಂಟನಾದ ಮತ್ತೊಂದು ರಾಸಾಯನಿಕವನ್ನು ಕಳೆ ಮತ್ತು ಕೀಟಗಳನ್ನು ಕೊಲ್ಲಲು ಸಿಂಪಡಿಸುತ್ತಿದ್ದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಇದನ್ನು ಮುಟ್ಟುತ್ತಿದ್ದ ಕೂಲಿಗಳು ಬೆವರಿ, ಜ್ವರ ಬಂದು, ತೂಕ ಕಳೆದುಕೊಂಡರು. ಇದನ್ನೇ 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು ತೂಕ ಇಳಿಸುವ ಮದ್ದೆಂದು ಮುಂದಿಟ್ಟರು. ಸುಮಾರು ಒಂದು ವರ್ಷದಲ್ಲಿ ಒಂದು ಲಕ್ಷ ಜನ ನುಂಗಿದರೆಂದು ಅಂದಾಜು. ಒಲೆಯ ಮೇಲಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಸೌದೆ ಒಟ್ಟುತ್ತ ಹೋದರೆ ಅಡಿಗೆ ಆಗುವುದಿಲ್ಲ, ಮನೆ ಕಾಯುತ್ತದೆ. ಡಿ.ಎನ್.ಪಿ. ಮೈಯಲ್ಲಿ ಮಾಡುವುದು ಇದನ್ನೇ. ತಿಂದದ್ದೆಲ್ಲ ಶಕ್ತಿಯಾಗದೆ ಬಿಸಿಯಾಗಿ ಹೋಗುತ್ತದೆ. ಅಳತೆ ಮೀರಿದರೆ ಮೈ ಸುಟ್ಟು, ಚಡಪಡಿಕೆ ಹತ್ತಿ, ಕನವರಿಕೆ ಬಂದು, ಗುರುತು ತಪ್ಪಿ ಪ್ರಾಣ ಹೋಗುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. 1938ರಲ್ಲಿ ಅಮೆರಿಕ ಸರ್ಕಾರ ಇದು ಮನುಷ್ಯರ ಸೇವನೆಗೆ ತಕ್ಕದ್ದಲ್ಲವೆಂದು ಸಾರಿತು. ಆದರೂ ಮೊಬೈಲ್ ಫೋನಿನ ಈ ಕಾಲದಲ್ಲಿ ಅದು ಕದ್ದು ಮಾರಾಟವಾಗಿ, ಬ್ರಿಟನ್ ಮುಂತಾದ ಕಡೆ ಹದಿಹರೆಯದವರನ್ನೂ ಬಲಿ ತೆಗೆದುಕೊಂಡಿದೆ.

ಮೂರನೆಯದು ರಿಮೋನಬಾಂಟ್. ಗಾಂಜಾ ಸೇದಿದವನಿಗೆ ಹಸಿವು ಹೆಚ್ಚುವುದನ್ನು ಹಿರಿಯರು ಕಂಡಿರಬಹುದು. ಗಾಂಜಾ ಮಿದುಳಿನ ಯಾವ ಬಾಗಿಲನ್ನು ತಟ್ಟುತ್ತದೆಯೋ ಆ ಬಾಗಿಲಿಗೆ ಅಗಳಿ ಹಾಕಿದರೆ ಹಸಿವು ತಗ್ಗೀತೆಂದು ಲೆಕ್ಕ ಹಾಕಿ ಈ ಮಾತ್ರೆಯನ್ನು ಮಾಡಿದರು. ಲೆಕ್ಕ ಸರಿಯಾಗಿಯೇ ಇತ್ತು, ಹಸಿವು ತಗ್ಗಿತು. ಆದರೆ ಮನಸ್ಸಿನ ಉಲ್ಲಾಸವೂ ಅದೇ ಬಾಗಿಲಿನಿಂದ ಬರುತ್ತಿತ್ತು. ಮಾತ್ರೆ ನುಂಗಿದವರಲ್ಲಿ ಖಿನ್ನತೆ, ಕಳವಳಗಳಂಥ ಮಾನಸಿಕ ತೊಂದರೆ ಇತರರಿಗಿಂತ ಸುಮಾರು ಎರಡು ಪಟ್ಟು ಕಂಡುಬಂದಿತು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. 2006ರಲ್ಲಿ ಯೂರೋಪಿನಲ್ಲಿ ಒಪ್ಪಿಗೆ ಪಡೆದ ಇದರ ಮಾರಾಟವನ್ನು 2008ರ ಅಕ್ಟೋಬರಿನಲ್ಲಿ ಅಲ್ಲಿ ನಿಲ್ಲಿಸಲಾಯಿತು. ಭಾರತ ಸರ್ಕಾರ 2009ರಲ್ಲಿ ನಿಷೇಧಿಸಿತು. ಇಲ್ಲಿ ಒಂದು ಮಾತನ್ನು ಗಮನಿಸಿ: ಈ ಜನರು ಅಳತೆ ಮೀರಿರಲಿಲ್ಲ. ಹೇಳಿದಷ್ಟೇ ನುಂಗಿದಾಗ ಹೀಗಾದರೆ, ಎರಡು ಮೂರು ಪಟ್ಟು ನುಂಗಿದರೆ ಹೇಗೆಂದು ತಾವೇ ಊಹಿಸಿ.

ನಾಲ್ಕನೆಯದು ಸಿಬುಟ್ರಮಿನ್. ಹೃದಯಾಘಾತ ಮತ್ತು ಲಕ್ವದ ಅಪಾಯ ಹೆಚ್ಚುತ್ತದೆಂದು 2010ರಲ್ಲಿ ಯೂರೋಪ್, ಅಮೆರಿಕಗಳಲ್ಲಿ ನಿಂತಿತು. ನಮ್ಮಲ್ಲಿ 2011ರಲ್ಲಿ ನಿಷೇಧವಾಯಿತು. ಅಂಗಡಿಯಿಂದ ಹೋಯಿತು, ಆದರೆ ಲೋಕದಿಂದ ಹೋಗಲಿಲ್ಲ. ಬರಿಯ ಗಿಡಮೂಲಿಕೆ ಎಂದು ಬರೆದು ಮಾರುವ ತೂಕ ಇಳಿಸುವ ಪುಡಿ, ಟೀ, ಮಾತ್ರೆಗಳನ್ನು ಪರೀಕ್ಷಿಸಿದಾಗ ಇದು ಸೇರಿರುವುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಇದನ್ನು ಸೇವಿಸಿ ನಿದ್ದೆಗೆಟ್ಟು, ಸಂಶಯ ಹತ್ತಿ, ಇಲ್ಲದ ದನಿ ಕೇಳಿದವರ ವಿವರಗಳು ವೈದ್ಯ ಪತ್ರಿಕೆಗಳಲ್ಲಿ ಬಂದಿವೆ. ಸೊಪ್ಪು ಬೇರಿನ ಹೆಸರಿನಲ್ಲಿ ಬಂದದ್ದೆಲ್ಲ ಸೊಪ್ಪು ಬೇರಲ್ಲ. ನಾನು ಆ ತಾಯಿಗೆ ಕೊಟ್ಟ ಉತ್ತರ ತಪ್ಪಾದದ್ದು ಇಲ್ಲಿ. ಅಲ್ಲದೆ ನಮ್ಮ ಬೇಲಿಯ ಉಮ್ಮತ್ತಿಯೂ ಗಿಡವೇ ಅಲ್ಲವೆ? ಅದನ್ನು ತಿಂದವನ ಗತಿ ತಮಗೆ ಗೊತ್ತು.

ಇವೆಲ್ಲ ದೂರದ ಹೆಸರುಗಳಾದವು. ಮನೆಯೊಳಗೇ ಇರುವ ಒಂದನ್ನು ಹೇಳುತ್ತೇನೆ. ಥೈರಾಯ್ಡ್ ಗ್ರಂಥಿ ಮಂದವಾದವರಿಗೆ ವೈದ್ಯರು ದಿನಕ್ಕೊಂದು ಮಾತ್ರೆ ಕೊಡುತ್ತಾರೆ. ಅವರಿಗೆ ಅದು ಅಗತ್ಯ, ನಿಲ್ಲಿಸಕೂಡದು. ಆದರೆ ಅತ್ತಿಗೆಗೆ ಕೊಟ್ಟ ಮಾತ್ರೆಯನ್ನು ತೂಕ ಇಳಿಯಲೆಂದು ನಾದಿನಿ ನುಂಗುವುದುಂಟು. ಅತಿಯಾದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ದೆ ಬಾರದು, ಸಿಡುಕು ಹೆಚ್ಚುತ್ತದೆ. ಕೆಲವರಿಗೆ ಉನ್ಮಾದವೇ ಬರುತ್ತದೆ. ಭೇದಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ತೂಕಕ್ಕೆಂದು ನುಂಗುವುದೂ ಉಂಟು. ಅವುಗಳಿಂದ ಹೋಗುವುದು ಬೊಜ್ಜಲ್ಲ, ನೀರು ಮತ್ತು ಉಪ್ಪಿನ ಅಂಶ. ರಕ್ತದಲ್ಲಿ ಸೋಡಿಯಂ ತೀರ ಇಳಿದರೆ ಮಂಕು ಕವಿದು, ಮಾತು ತಪ್ಪಿ, ಫಿಟ್ಸ್ ಬರಬಹುದು.

ಈಗ ಹೊಸದಾಗಿ ಬಂದಿರುವ ಚುಚ್ಚುಮದ್ದುಗಳ ವಿಚಾರ. 2025ರ ಮಾರ್ಚಿಯಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ನಮ್ಮ ದೇಶದ ಅಂಗಡಿಗೆ ಬಂದವು. ವಾರಕ್ಕೊಮ್ಮೆ ಚುಚ್ಚುವಂಥವು. ಇವನ್ನು ಹಿಂದಿನವುಗಳ ಜೊತೆಗೆ ಒಂದೇ ಗಂಟಿಗೆ ಕಟ್ಟುವುದು ನ್ಯಾಯವಲ್ಲ. ಇವುಗಳಿಂದ ಆತ್ಮಹತ್ಯೆಯ ಯೋಚನೆ ಬರುತ್ತದೆಂಬ ದೂರು 2023ರಲ್ಲಿ ಎದ್ದಿತು. ಯೂರೋಪಿನ ಔಷಧ ಸಂಸ್ಥೆ ವಿಚಾರಣೆ ನಡೆಸಿ, ಅಂಥ ಸಂಬಂಧಕ್ಕೆ ಆಧಾರ ಕಾಣಲಿಲ್ಲವೆಂದು 2024ರ ಏಪ್ರಿಲಿನಲ್ಲಿ ಹೇಳಿತು. ಆದರೆ ಅಳತೆಯ ತಪ್ಪು ಇಲ್ಲಿಯೂ ಇದೆ. 2024ರ ಜುಲೈಯಲ್ಲಿ ಅಮೆರಿಕದ ಔಷಧ ಇಲಾಖೆ ಒಂದು ಎಚ್ಚರಿಕೆ ಕೊಟ್ಟಿತು. ಕಂಪನಿಯ ಪೆನ್ನಿನಲ್ಲಿ ಬರುವ ಔಷಧಿಯ ಬದಲು ಸೀಸೆಯಿಂದ ಸಿರಿಂಜಿಗೆ ತಾವೇ ಎಳೆದುಕೊಂಡ ಕೆಲವರು 5ರಿಂದ 20 ಪಟ್ಟು ಹೆಚ್ಚು ಚುಚ್ಚಿಕೊಂಡಿದ್ದರು. ಲೀಟರಿಗೆ ಹೇಳಿದ ಅಳತೆಯನ್ನು ಟ್ಯಾಂಕಿಗೆಂದೂ, ಟ್ಯಾಂಕಿಗೆ ಹೇಳಿದ್ದನ್ನು ಲೀಟರಿಗೆಂದೂ ತಿಳಿದು ಬೆಳೆ ಸುಟ್ಟುಕೊಂಡವರು ನಮ್ಮಲ್ಲಿಲ್ಲವೆ? ಅದೇ ತಪ್ಪು. ಹೀಗಾದವರಿಗೆ ತಡೆಯಲಾರದ ವಾಂತಿ, ತಲೆಸುತ್ತು, ನಿತ್ರಾಣ ಬಂದು ಆಸ್ಪತ್ರೆ ಸೇರಬೇಕಾಯಿತು. ಈ ಔಷಧಿ ಒಂದು ವಾರ ಕಳೆದರೂ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ, ಬೇಗ ಇಳಿಯುವುದಿಲ್ಲ. ಇದರ ಜೊತೆಗೆ ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಕುಸಿದು, ಕುಡಿದವರಂತೆ ತೊದಲುತ್ತ, ಸಿಟ್ಟಾಗುತ್ತ, ಗುರುತು ತಪ್ಪಬಹುದು. ನೋಡಿದವರಿಗೆ ಅದು ಹುಚ್ಚಿನಂತೆಯೇ ಕಾಣುತ್ತದೆ.

ಔಷಧಿಯಿಲ್ಲದೆ ಬರಿಯ ಹಸಿವೂ ಮನಸ್ಸನ್ನು ಕೆಡಿಸುತ್ತದೆಂಬುದನ್ನು ಮರೆಯಬಾರದು. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿ ಒಪ್ಪಿ ಬಂದ 36 ಜನ ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಆಹಾರ ಕೊಟ್ಟು ನೋಡಿದರು. ಮೈ ಸೊರಗಿದ್ದು ಸರಿಯೇ. ಜೊತೆಗೆ ಬೇಸರ, ಸಿಡುಕು, ಖಿನ್ನತೆ ಬಂದವು, ಹಗಲಿರುಳು ಊಟದ್ದೇ ಚಿಂತೆಯಾಯಿತು. ಮೇವು ಕಡಿಮೆಯಾದ ಎತ್ತು ನೊಗಕ್ಕೆ ಕೊರಳು ಕೊಡದೆ ಹಾಯುವುದನ್ನು ಕಂಡವರಿಗೆ ಇದು ಸೋಜಿಗವೇನಲ್ಲ.

ಹಾಗೆಂದು ತೂಕ ಇಳಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಜನ ಇರಬೇಕಾದುದಕ್ಕಿಂತ ಹೆಚ್ಚು ತೂಕದವರು. ಗುದ್ದಲಿಯ ಜಾಗಕ್ಕೆ ಟಿಲ್ಲರ್ ಬಂತು, ನಡಿಗೆಯ ಜಾಗಕ್ಕೆ ಮೋಟಾರ್ ಸೈಕಲ್ ಬಂತು, ಊಟ ಮಾತ್ರ ಗುದ್ದಲಿಯ ಕಾಲದ್ದೇ ಉಳಿಯಿತು. ಬೊಜ್ಜು ಕಾಯಿಲೆಯಾದರೆ ಅದಕ್ಕೆ ವೈದ್ಯರಿದ್ದಾರೆ. ಅವರು ಬರೆದುಕೊಟ್ಟು, ತಿಂಗಳು ತಿಂಗಳು ನೋಡುವ ಔಷಧಿಯನ್ನು ಅಂಜದೆ ತೆಗೆದುಕೊಳ್ಳಿ. ಅಂಜಬೇಕಾದದ್ದು ತಾವೇ ವೈದ್ಯರಾಗುವುದಕ್ಕೆ, ಬೇಗ ಇಳಿಯಲೆಂದು ಒಂದನ್ನು ಮೂರು ಮಾಡುವುದಕ್ಕೆ.

ಕೊಳ್ಳುವಾಗ ಡಬ್ಬಿಯನ್ನು ತಿರುಗಿಸಿ ನೋಡಿ. ಕೀಟನಾಶಕದ ಮೇಲಿನ ಬಣ್ಣದ ಗುರುತನ್ನು ನೋಡುವುದನ್ನು ತಾವು ಕಲಿತಿದ್ದೀರಿ. ಹಾಗೆಯೇ ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ, ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಕೂಡದ ಔಷಧಿ. ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ತಯಾರಾದ ಮತ್ತು ಮುಗಿಯುವ ದಿನಾಂಕ, ಒಳಗಿರುವ ವಸ್ತುಗಳ ಪಟ್ಟಿ, ಇಷ್ಟೂ ಇರಬೇಕು. ಆಯುರ್ವೇದ ಔಷಧಿಗೂ ಲೈಸೆನ್ಸ್ ಬೇಕು. ಹತ್ತು ದಿನದಲ್ಲಿ ಹತ್ತು ಕಿಲೋ ಎಂದು ಬರೆದಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಇನ್ನು ಲಕ್ಷಣಗಳು. ಎರಡು ರಾತ್ರಿ ನಿದ್ದೆಯಿಲ್ಲದಿದ್ದರೂ ದಣಿವು ಕಾಣದಿರುವುದು, ನಿಲ್ಲದ ಮಾತು, ಮನೆಯವರ ಮೇಲೆಯೇ ಸಂಶಯ, ಇಲ್ಲದ ದನಿಗೆ ಉತ್ತರ ಕೊಡುವುದು, ಕೈನಡುಕ, ಎದೆಬಡಿತ, ಕಾರಣವಿಲ್ಲದ ಬೆವರು. ಇಲ್ಲವೆ ಇದರ ತಿರುಗುಮುರುಗು: ಮಾತು ನಿಂತು, ಮುಸುಕು ಹೊದ್ದು ಮಲಗುವುದು, ಬದುಕಿ ಏನು ಫಲ ಎನ್ನುವುದು. ಇಂಥದು ಕಂಡರೆ ಹೀಗೆ ಮಾಡಿ:

ಒಂದು, ಅವರನ್ನು ಒಂಟಿಯಾಗಿ ಬಿಡಬೇಡಿ. ಬಾವಿ, ಕೀಟನಾಶಕ, ಕತ್ತಿ ಇವುಗಳಿಂದ ದೂರವಿಡಿ. ಮೆಲ್ಲಗೆ ಮಾತನಾಡಿ, ವಾದ ಬೇಡ, ಗದರಿಕೆ ಬೇಡ.

ಎರಡು, ಔಷಧಿಯನ್ನು ಅಳತೆ ಮೀರಿ ನುಂಗಿದ್ದರೆ ಲಕ್ಷಣ ಕಾಣಲೆಂದು ಕಾಯದೆ 108ಕ್ಕೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮೈ ಕಾದಿದ್ದರೆ ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಹಾಕಿ. ಸಕ್ಕರೆ ಕಾಯಿಲೆಯವರಾಗಿದ್ದು, ಎಚ್ಚರವಿದ್ದು ನುಂಗಬಲ್ಲವರಾದರೆ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ.

ಮೂರು, ಮನೆಯಲ್ಲಿರುವ ಮಾತ್ರೆ, ಪುಡಿ, ಕಷಾಯ, ಟೀ, ಖಾಲಿ ಡಬ್ಬಿ, ಎಲ್ಲವನ್ನೂ ಚೀಲಕ್ಕೆ ಹಾಕಿ ಆಸ್ಪತ್ರೆಗೆ ಒಯ್ಯಿರಿ. ಯಾವುದು ಔಷಧಿ ಯಾವುದು ಅಲ್ಲ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ಎಷ್ಟು, ಯಾವಾಗಿನಿಂದ ಎಂಬುದನ್ನು ಮುಚ್ಚಿಡದೆ ಹೇಳಿ.

ನಾಲ್ಕು, ಕಟ್ಟಿಹಾಕಬೇಡಿ, ಬೇವಿನ ಸೊಪ್ಪಿನಲ್ಲಿ ಹೊಡೆಸಬೇಡಿ. ದೇವರಿಗೆ ಹರಕೆ ಹೊರುವುದನ್ನು ನಾನು ಬೇಡವೆನ್ನುವುದಿಲ್ಲ. ಆಂಬುಲೆನ್ಸಿನಲ್ಲಿ ಕುಳಿತು ಹೊತ್ತರೂ ದೇವರು ಕೇಳುತ್ತಾನೆ. ಪೊಲೀಸರ ಭಯದಿಂದಲೂ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾನೂನು, ಪ್ರಾಣ ಕಳೆದುಕೊಳ್ಳಲು ಹೊರಟವರನ್ನು ನೊಂದವರೆಂದು ಎಣಿಸಿ, ಅವರಿಗೆ ಶಿಕ್ಷೆಯಲ್ಲ, ಆರೈಕೆ ಕೊಡಬೇಕೆನ್ನುತ್ತದೆ.

ಐದು, ಮನಸ್ಸಿನ ತೊಂದರೆಗೆ 14416ಕ್ಕೆ ಫೋನ್ ಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಖರ್ಚಿಲ್ಲ. ಟೆಲಿ ಮಾನಸ್ ಎಂಬ ಈ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಅವರು ಬರುವ ಏರ್ಪಾಡಿದೆ. ಯಾವ ದಿನವೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಹಳ್ಳಿಯಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಆಗದೆಂಬ ಮಾತು ಹಳೆಯದಾಯಿತು. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯನ್ನು 1985ರಲ್ಲಿ ಮೊದಲು ನಡೆಸಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿ. ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ತೀವ್ರ ಮಾನಸಿಕ ರೋಗಿಗಳನ್ನು ಹುಡುಕಿ, ಊರಿನಲ್ಲಿಯೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಯೋಗಕ್ಷೇಮ ನೋಡಿದ್ದಾರೆ.

ಕೊನೆಗೆ ಆ ಹುಡುಗಿಯ ಮಾತು. ಅವಳಿಗೆ ಗುಣವಾಗಿದೆ, ಬೆಳಿಗ್ಗೆ ತೋಟದಲ್ಲಿ ಅಡಿಕೆ ಆಯುತ್ತಾಳೆ, ಮಧ್ಯಾಹ್ನ ಹೊಲಿಗೆ ಹಾಕುತ್ತಾಳೆ. ಆದರೆ ಗೊತ್ತಾಗಿದ್ದ ಮದುವೆ ನಿಂತುಹೋಯಿತು. ಹುಚ್ಚು ಹಿಡಿದ ಹುಡುಗಿ ಎಂಬ ಮಾತು ಊರಿಂದೂರಿಗೆ ಹೋಯಿತು. ಅದನ್ನು ಒಯ್ದವರು ನಾವೇ, ನಮ್ಮಂಥವರೇ. ರಾಗಿ ಹೊಲಕ್ಕೆ ಸಿಂಪಡಿಸುವಾಗ ತಲೆ ತಿರುಗಿ ಬಿದ್ದವನನ್ನು ಔಷಧಿ ತಗುಲಿತು ಎನ್ನುತ್ತೇವೆ. ಅವನಿಗೆ ಹೆಣ್ಣು ಕೊಡಲು ಯಾರೂ ಹಿಂಜರಿಯುವುದಿಲ್ಲ. ಇವಳಿಗೂ ತಗುಲಿದ್ದು ಔಷಧಿಯೇ. ಈ ಸಭೆಯಿಂದ ಹೋಗುವಾಗ ಬೇರೇನು ಮರೆತರೂ ಈ ಒಂದು ಮಾತನ್ನು ತಮ್ಮ ತಮ್ಮ ಊರಿಗೆ ಒಯ್ಯಬೇಕೆಂದು ಕೇಳಿಕೊಳ್ಳುತ್ತೇನೆ.

ಆ ತಾಯಿ ಇಂದಿಗೂ ನನ್ನನ್ನು ಕಂಡರೆ ಮಜ್ಜಿಗೆ ಕೊಡುತ್ತಾರೆ. ಒಂದು ಮಾತೂ ಆಡಿಲ್ಲ. ನಾನು ಮಾತ್ರ ಈಗ ಯಾರ ಮನೆಗೆ ಹೋದರೂ ಕಿಟಕಿಯ ಕಡೆ ನೋಡುತ್ತೇನೆ. ಡಬ್ಬಿ ಇದ್ದರೆ ಕೈಗೆತ್ತಿಕೊಂಡು ಹಿಂದೆ ಮುಂದೆ ಓದುತ್ತೇನೆ. ನನಗೆ ತಿಳಿಯದಿದ್ದರೆ, “ತಿಳಿಯದು, ವೈದ್ಯರನ್ನು ಕೇಳೋಣ” ಎನ್ನುತ್ತೇನೆ. ತಾವೂ ಹಾಗೆಯೇ ಮಾಡಬೇಕೆಂದು ಬೇಡಿಕೊಳ್ಳುತ್ತೇನೆ.